ಸಮ್ಮಿಶ್ರ ಸರ್ಕಾರ ಎಷ್ಟು ದಿನ ಇರುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

2004ರಿಂದ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಎಲ್ಲಾದರೂ ಸಮ್ಮಿಶ್ರ ಸರ್ಕಾರ ಪ್ರಮಾಣವಚನ ತೆಗೆದುಕೊಂಡರೆ ಅವತ್ತು ರಾತ್ರಿಯೇ ಅದರಲ್ಲಿ ಬರೆದಿಡುತ್ತೇನೆ: ಇದು ಎಷ್ಟು ದಿನ ಬಾಳಬಹುದು, ಯಾಕೆ. ಈ ಅಭ್ಯಾಸ ಗೊತ್ತಿರುವ ನೆಂಟರು, ಸ್ನೇಹಿತರು, ಪರಿಚಯವಿಲ್ಲದವರು ಕೂಡ ಕೇಳುತ್ತಾ ಬಂದಿರುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲು ಗೊತ್ತಿರಬೇಕಾದದ್ದು

ಹೊಸ ಸರ್ಕಾರ ಬಂತಲ್ಲ, ಎಷ್ಟು ದಿನ ಇರುತ್ತೆ? ಒಂದೇ ಮಾತಲ್ಲಿ ಹೇಳಿ.

ದಿನ ಹೇಳಲು ಆಗುವುದಿಲ್ಲ. ಹತ್ತರಲ್ಲಿ ಎಷ್ಟು ಪಾಲು ಸಾಧ್ಯತೆ ಅಂತ ಹೇಳಬಹುದು. ಅದಕ್ಕೆ ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಒಂದೇ ಪ್ರಶ್ನೆ: ಈ ಸರ್ಕಾರದಲ್ಲಿ ಇರುವವರ ಪೈಕಿ ಯಾರಿಗೆ ಹೋಗಲು ಇನ್ನೊಂದು ಮನೆ ಇದೆ? ಜಗಳ ಎಲ್ಲ ಮನೆಯಲ್ಲೂ ಇರುತ್ತದೆ. ಆದರೆ ಮನೆ ಬಿಟ್ಟು ಹೋಗುವುದು, ಹೋದ ಕಡೆ ಬಾಗಿಲು ತೆರೆದಿರುತ್ತದೆ ಅಂತ ಗೊತ್ತಿದ್ದವರು ಮಾತ್ರ. ಉಳಿದ ಲೆಕ್ಕವೆಲ್ಲ ಇದರ ಹಿಂದೆ ಬರುತ್ತದೆ.

ಸಮ್ಮಿಶ್ರ ಸರ್ಕಾರ ಅಂದ್ರೆ ಬೀಳೋದೇ ಅಲ್ವಾ?

ಕರ್ನಾಟಕದಲ್ಲಿ ಕೂತು ನೋಡಿದರೆ ಹಾಗೆ ಅನ್ನಿಸುವುದು ಸಹಜ. ಧರ್ಮಸಿಂಗ್ ಅವರ ಕಾಂಗ್ರೆಸ್–ಜೆಡಿಎಸ್ ಸರ್ಕಾರ 2004ರ ಮೇ ತಿಂಗಳಿಂದ 2006ರ ಜನವರಿ ಕೊನೆಯವರೆಗೆ, ಸುಮಾರು 20 ತಿಂಗಳು. ಆಮೇಲೆ ಕುಮಾರಸ್ವಾಮಿ–ಯಡಿಯೂರಪ್ಪ ಜೋಡಿಯ ಜೆಡಿಎಸ್–ಬಿಜೆಪಿ ಸರ್ಕಾರ, ಅದೂ 20 ತಿಂಗಳು. 2007ರ ನವೆಂಬರ್‌ನಲ್ಲಿ ಯಡಿಯೂರಪ್ಪ ಅವರದು 7 ದಿನ. 2018ರಲ್ಲಿ ಮತ್ತೆ ಕುಮಾರಸ್ವಾಮಿ, ಈ ಸಲ ಕಾಂಗ್ರೆಸ್ ಜೊತೆ, 14 ತಿಂಗಳು. ನಾಲ್ಕರಲ್ಲಿ ಒಂದೂ ಎರಡು ವರ್ಷ ಮುಟ್ಟಲಿಲ್ಲ.

ಆದರೆ ಪಕ್ಕದ ಕೇರಳಕ್ಕೆ ಹೋಗಿ ನೋಡಿ. ಅಲ್ಲಿ ದಶಕಗಳಿಂದ ಸಮ್ಮಿಶ್ರ ಸರ್ಕಾರಗಳೇ ನಡೆದಿವೆ, ಐದು ವರ್ಷ ಪೂರೈಸುವುದು ಅಲ್ಲಿ ದೊಡ್ಡ ಸುದ್ದಿಯೇ ಅಲ್ಲ. ಪಶ್ಚಿಮ ಬಂಗಾಳದ ಎಡರಂಗ 1977ರಿಂದ 2011ರವರೆಗೆ 34 ವರ್ಷ ಆಳಿತು, ಅದೂ ಹಲವು ಪಕ್ಷಗಳ ಕೂಟವೇ. ದೆಹಲಿಯಲ್ಲೂ 1999ರಿಂದ 2014ರವರೆಗೆ ಮೂರು ಲೋಕಸಭೆಗಳ ಕಾಲ ಮೈತ್ರಿ ಸರ್ಕಾರಗಳು ನಡೆದವು. ವಾಜಪೇಯಿ ಅವರು ತಾವಾಗಿಯೇ ಕೆಲವು ತಿಂಗಳು ಮುಂಚೆ ಚುನಾವಣೆಗೆ ಹೋದರು, ಮನಮೋಹನ್ ಸಿಂಗ್ ಅವರ ಎರಡೂ ಅವಧಿ ಪೂರ್ತಿಯಾಯಿತು.

ಹಾಗಾಗಿ ತೊಂದರೆ ಇರುವುದು "ಸಮ್ಮಿಶ್ರ" ಅನ್ನುವುದರಲ್ಲಿ ಅಲ್ಲ. ಚುನಾವಣೆಗೆ ಮುಂಚೆ ಕೈ ಹಿಡಿದರೋ, ಫಲಿತಾಂಶ ಬಂದ ಮೇಲೆ ಹಿಡಿದರೋ ಅನ್ನುವುದರಲ್ಲಿ ಇದೆ. ಮುಂಚೆಯೇ ಸೇರಿದವರು ಸೀಟು ಹಂಚಿಕೊಂಡಿರುತ್ತಾರೆ, ಒಂದೇ ಮತದಾರರ ಮುಂದೆ ನಿಂತಿರುತ್ತಾರೆ. ಕರ್ನಾಟಕದ ನಾಲ್ಕೂ ಸಲ ಪಕ್ಷಗಳು ಒಬ್ಬರ ವಿರುದ್ಧ ಒಬ್ಬರು ಮತ ಕೇಳಿ, ಆಮೇಲೆ ಒಟ್ಟಾದವು.

ಒಳಗಿದ್ದು ಬೆಂಬಲ ಕೊಡೋದಕ್ಕೂ ಹೊರಗಿಂದ ಕೊಡೋದಕ್ಕೂ ಏನು ವ್ಯತ್ಯಾಸ?

ತುಂಬಾ ವ್ಯತ್ಯಾಸ. ಒಳಗಿರುವವರಿಗೆ ಮಂತ್ರಿ ಸ್ಥಾನ ಇರುತ್ತದೆ, ಬಿಟ್ಟರೆ ಕಳೆದುಕೊಳ್ಳುವುದಕ್ಕೆ ಏನೋ ಒಂದು ಇರುತ್ತದೆ. ಹೊರಗಿರುವವರಿಗೆ ಕಳೆದುಕೊಳ್ಳುವುದಕ್ಕೆ ಏನೂ ಇರುವುದಿಲ್ಲ.

ಕೇಂದ್ರದ ಪಟ್ಟಿ ನೋಡಿ. ಚರಣ್ ಸಿಂಗ್ 1979ರ ಜುಲೈ 28ಕ್ಕೆ ಪ್ರಧಾನಿ, ಆಗಸ್ಟ್ 20ಕ್ಕೆ ರಾಜೀನಾಮೆ. ಸಂಸತ್ತಿನ ಮುಂದೆ ಒಂದು ದಿನವೂ ನಿಲ್ಲಲಾಗಲಿಲ್ಲ. ಚಂದ್ರಶೇಖರ್ 1990ರ ನವೆಂಬರ್‌ನಲ್ಲಿ ಬಂದರು, 1991ರ ಮಾರ್ಚ್‌ನಲ್ಲಿ ರಾಜೀನಾಮೆ. ನಮ್ಮ ದೇವೇಗೌಡರು 1996ರ ಜೂನ್ 1ರಿಂದ 1997ರ ಏಪ್ರಿಲ್‌ವರೆಗೆ. ಅವರಾದ ಮೇಲೆ ಗುಜ್ರಾಲ್, ಅವರೂ ಒಂದು ವರ್ಷ ತುಂಬಿಸಲಿಲ್ಲ. ನಾಲ್ವರೂ ಹೊರಗಿನಿಂದ ಕಾಂಗ್ರೆಸ್ ಕೊಟ್ಟ ಬೆಂಬಲದ ಮೇಲೆ ನಿಂತಿದ್ದರು, ನಾಲ್ವರ ಕಾಲ ಕೆಳಗಿನ ಚಾಪೆಯನ್ನೂ ಅದೇ ಪಕ್ಷ ಎಳೆಯಿತು. ದೇವೇಗೌಡರ ಆಡಳಿತ ಕೆಟ್ಟಿತ್ತು ಅಂತ ಸರ್ಕಾರ ಬೀಳಲಿಲ್ಲ. ಬೀಳಿಸಿದವರಿಗೆ ಬೀಳಿಸುವುದರಿಂದ ಅವತ್ತು ನಷ್ಟ ಇರಲಿಲ್ಲ, ಅಷ್ಟೇ. ಇದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ದೊಡ್ಡ ಪಕ್ಷ ಹೊರಗಿದ್ದು ಚಿಕ್ಕ ಪಕ್ಷವನ್ನು ಕುರ್ಚಿ ಮೇಲೆ ಕೂರಿಸಿದ್ದರೆ ನಾನು ಮೊದಲ ಅಂದಾಜೇ ಒಂದು ವರ್ಷದ ಒಳಗೆ ಅಂತ ಬರೆಯುತ್ತೇನೆ.

ಬಿದ್ದರೆ ಚುನಾವಣೆ ಬರುತ್ತಾ, ಇನ್ನೊಂದು ಸರ್ಕಾರ ಬರುತ್ತಾ?

ಇವೆರಡನ್ನೂ ಬೇರೆ ಬೇರೆಯಾಗಿ ಅಂದಾಜು ಮಾಡಬೇಕು. 2006ರಲ್ಲಿ ಸರ್ಕಾರ ಬಿತ್ತು, ಅದೇ ವಿಧಾನಸಭೆಯಲ್ಲಿ ಇನ್ನೊಂದು ಸರ್ಕಾರ ಬಂತು. 2007ರ ಕೊನೆಗೆ ಬಿದ್ದಾಗ ವಿಧಾನಸಭೆಯೇ ವಿಸರ್ಜನೆಯಾಗಿ ರಾಷ್ಟ್ರಪತಿ ಆಳ್ವಿಕೆ ಬಂತು, 2008ರ ಮೇನಲ್ಲಿ ಚುನಾವಣೆ ಆಯಿತು. 2019ರಲ್ಲಿ ಸರ್ಕಾರ ಹೋಯಿತು, ಆದರೆ ಆ ವಿಧಾನಸಭೆ 2023ರವರೆಗೆ ಉಳಿಯಿತು. ಗೆದ್ದ ಶಾಸಕರಿಗೆ ಮತ್ತೆ ಚುನಾವಣೆ ಅಂದರೆ ಭಯ, ಖರ್ಚು. ಆದ್ದರಿಂದ ಸರ್ಕಾರ ಬೀಳುವುದು ಸುಲಭ, ಸದನ ಬೀಳುವುದು ಕಷ್ಟ.

ಇದನ್ನ ಊಹಿಸಿ ಏನು ಪ್ರಯೋಜನ? ಐಪಿಎಲ್ ಬೆಟ್ಟಿಂಗ್ ಥರ ಅಲ್ವಾ?

ಅಲ್ಲ. 2019ರ ಜುಲೈನಲ್ಲಿ ನಾನು ಊರಿಗೆ ಹೋಗಿದ್ದೆ. ನಮ್ಮ ಚಿಕ್ಕಪ್ಪ ಜಗುಲಿ ಮೇಲೆ ಕೂತು ಒಂದು ಪ್ಲಾಸ್ಟಿಕ್ ಕವರ್ ಬಿಚ್ಚಿದರು. ಒಳಗೆ ಪಹಣಿ, ಆಧಾರ್ ಜೆರಾಕ್ಸ್, ಪಾಸ್‌ಬುಕ್ಕು, ಬೆಳೆ ಸಾಲಮನ್ನಾಕ್ಕೆ ಕೊಟ್ಟ ಅರ್ಜಿಯ ಪ್ರತಿ. "ಸರ್ಕಾರ ಹೋದ್ರೆ ಇದು ಹೋಗುತ್ತೇನೋ ಮಗ?" ಅಂದರು. ಟಿವಿಯಲ್ಲಿ ರೆಸಾರ್ಟ್ ಗೇಟು ತೋರಿಸುತ್ತಿದ್ದರು, ಅವರು ಆ ಕಡೆ ನೋಡಲೇ ಇಲ್ಲ, ಕವರನ್ನೇ ಮಡಚುತ್ತಾ ಬಿಚ್ಚುತ್ತಾ ಇದ್ದರು. ಸರ್ಕಾರ ಅಲುಗಾಡುವ ತಿಂಗಳುಗಳಲ್ಲಿ ಕಡತಗಳು ನಿಲ್ಲುತ್ತವೆ, ವರ್ಗಾವಣೆಗಳು ನಿಲ್ಲುತ್ತವೆ, ಕಚೇರಿಗೆ ಹೋದರೆ "ಹೊಸಬರು ಬರಲಿ ನೋಡೋಣ" ಅನ್ನುತ್ತಾರೆ. ಯಾವ ಕೆಲಸವನ್ನು ಈಗಲೇ ಮಾಡಿಸಿಕೊಳ್ಳಬೇಕು, ಯಾವುದಕ್ಕೆ ಕಾಯಬಹುದು ಅನ್ನುವುದು ಸಾಮಾನ್ಯ ಜನರಿಗೆ ಬೇಕಾದ ತಿಳಿವಳಿಕೆ.

## ಲೆಕ್ಕಕ್ಕೆ ಇಳಿದವರಿಗೆ

113 ಇದ್ರೆ ಸಾಕಲ್ವಾ? ಸಂಖ್ಯೆ ಇದ್ದ ಮೇಲೆ ಯಾಕೆ ಭಯ?

224 ಸದಸ್ಯರ ನಮ್ಮ ವಿಧಾನಸಭೆಯಲ್ಲಿ ಬಹುಮತಕ್ಕೆ 113 ಬೇಕು ನಿಜ, ಆದರೆ ಅದರಿಂದಲೇ ಆಯುಸ್ಸು ಗೊತ್ತಾಗುವುದಿಲ್ಲ. 2011ರಲ್ಲಿ ಕೇರಳದಲ್ಲಿ ಉಮ್ಮನ್ ಚಾಂಡಿ ಅವರ ಕೂಟಕ್ಕೆ 140ರಲ್ಲಿ ಬಂದದ್ದು ಬರೀ 72. ಎದುರಿಗೆ 68. ಬೇಕಾದ 71ಕ್ಕಿಂತ ಒಬ್ಬರು ಜಾಸ್ತಿ ಅಷ್ಟೇ! ಆ ಸರ್ಕಾರ ಐದು ವರ್ಷ ಪೂರ್ತಿ ನಡೆಯಿತು. ನಮ್ಮಲ್ಲಿ 2018ರ ಮೈತ್ರಿಗೆ ಕಾಂಗ್ರೆಸ್‌ನ 80, ಜೆಡಿಎಸ್‌ನ 37, ಬಿಎಸ್‌ಪಿಯ ಒಬ್ಬರು, ಇನ್ನಿಬ್ಬರು, ಒಟ್ಟು 120ರ ಹತ್ತಿರ ಇತ್ತು. ಬೇಕಾದದ್ದಕ್ಕಿಂತ ಏಳು ಜಾಸ್ತಿ. ಅದು 14 ತಿಂಗಳಿಗೆ ಮುಗಿಯಿತು.

ಯಾಕೆ? ಕೇರಳದಲ್ಲಿ ಒಂದು ಕೂಟದ ಶಾಸಕ ಇನ್ನೊಂದು ಕೂಟಕ್ಕೆ ಹೋದರೆ ಅಲ್ಲಿ ಆ ಕ್ಷೇತ್ರಕ್ಕೆ ಆಗಲೇ ಒಬ್ಬರು ಇರುತ್ತಾರೆ, ಮತದಾರರೂ ಕೂಟ ನೋಡಿ ಮತ ಹಾಕುವವರು. ಅಂದರೆ ಇನ್ನೊಂದು ಮನೆ ಇದೆ, ಒಳಗೆ ಜಾಗ ಇಲ್ಲ. ನಮ್ಮಲ್ಲಿ 104 ಗೆದ್ದು ಹೊರಗೆ ಕೂತ ಬಿಜೆಪಿಗೆ ಇನ್ನೂ ಕೆಲವರು ಬೇಕೇ ಬೇಕಿತ್ತು. ಮನೆಯೂ ಇತ್ತು, ಜಾಗವೂ ಇತ್ತು, ಕರೆಯುವವರೂ ಇದ್ದರು. ಹಾಗಾಗಿ ಸರ್ಕಾರದ ಕೈಯಲ್ಲಿ ಎಷ್ಟಿದೆ ಅನ್ನುವುದರ ಜೊತೆಗೆ ಎದುರಿಗೆ ಇರುವ ಅತಿ ದೊಡ್ಡ ಪಕ್ಷಕ್ಕೆ ಎಷ್ಟು ಕಡಿಮೆ ಇದೆ ಅಂತ ನೋಡಿ. ಎರಡನೆಯ ಸಂಖ್ಯೆಯೇ ಜಾಸ್ತಿ ಹೇಳುತ್ತದೆ.

ಪಕ್ಷಾಂತರ ನಿಷೇಧ ಕಾಯ್ದೆ ಇದೆಯಲ್ಲ, ಆಮೇಲೂ ಶಾಸಕರು ಹೇಗೆ ಹೋಗ್ತಾರೆ?

ಕಾಯ್ದೆ 1985ರಲ್ಲಿ ಬಂತು, ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಮೊದಲು ಮೂರನೇ ಒಂದು ಭಾಗ ಒಡೆದು ಬಂದರೆ ಸದಸ್ಯತ್ವ ಹೋಗುತ್ತಿರಲಿಲ್ಲ. 2003ರ ತಿದ್ದುಪಡಿ ಆ ದಾರಿ ಮುಚ್ಚಿತು. ಈಗ ಮೂರನೇ ಎರಡು ಭಾಗ ಬೇರೆ ಪಕ್ಷದ ಜೊತೆ ವಿಲೀನಕ್ಕೆ ಒಪ್ಪಬೇಕು, ಅದು ಸುಲಭವಲ್ಲ.

ಆದರೆ ರಾಜೀನಾಮೆ ಕೊಡುವುದನ್ನು ಯಾರೂ ತಡೆಯಲಾರರು. ಸರ್ಕಾರದ ಕಡೆಯವರು ರಾಜೀನಾಮೆ ಕೊಟ್ಟರೆ ಸದನದ ಒಟ್ಟು ಬಲವೇ ಕುಗ್ಗುತ್ತದೆ, ಅದರ ಜೊತೆ ಬಹುಮತದ ಗೆರೆಯೂ ಕೆಳಗೆ ಇಳಿಯುತ್ತದೆ. 2008ರ ನಂತರ ಈ ದಾರಿಗೆ ಜನ "ಆಪರೇಷನ್ ಕಮಲ" ಅಂತ ಹೆಸರಿಟ್ಟರು.

2019ರ ಜುಲೈ ಲೆಕ್ಕವನ್ನು ಕೂತು ಹಾಕಿ ನೋಡಿ. ಆಗ ಬಿಜೆಪಿ ಬಳಿ, ಉಪಚುನಾವಣೆಯಲ್ಲಿ ಗೆದ್ದ ಒಂದೂ ಸೇರಿ, 105. ಸದನ 224. ಹತ್ತು ಜನ ಬಿಟ್ಟು ಹೋದರೆ ಸದನ 214, ಬೇಕಾದದ್ದು 108, ಸಾಲದು. ಹನ್ನೆರಡು ಜನ ಹೋದರೆ 212, ಬೇಕಾದದ್ದು 107, ಸಾಲದು. ಹದಿನೈದು ಹೋದರೆ 209, ಬೇಕಾದದ್ದು ಸರಿಯಾಗಿ 105. ಅಂದರೆ ಹದಿನೈದು ಅನ್ನುವುದೇ ಬಾಗಿಲಿನ ಹೊಸ್ತಿಲು. ಕೊನೆಗೆ ಅನರ್ಹರಾದವರು 17 ಮಂದಿ: ಸದನ 207, ಬೇಕಾದದ್ದು 104. ಆ ದಿನಗಳಲ್ಲಿ "ಇನ್ನೂ ಹತ್ತೇ ಜನ, ಏನೂ ಆಗಲ್ಲ" ಅನ್ನುತ್ತಿದ್ದವರು ಕಡಿಮೆ ಇರಲಿಲ್ಲ. ಹತ್ತಕ್ಕೆ ಏನೂ ಆಗುವುದಿಲ್ಲ ನಿಜ, ಆದರೆ ಹತ್ತು ಜನ ಹೋದ ಮೇಲೆ ಇನ್ನೈದು ಜನರಿಗೆ ಧೈರ್ಯ ಬರುವುದು ತುಂಬಾ ಸುಲಭ.

ಸುಪ್ರೀಂ ಕೋರ್ಟ್ 2019ರ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಉಪಚುನಾವಣೆಗೆ ನಿಲ್ಲಬಹುದು ಅಂದಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಮತದಾನ ನಡೆದು ಬಿಜೆಪಿ 12 ಗೆದ್ದಿತು. ರಾಜೀನಾಮೆ ಕೊಟ್ಟು ಹೋದವರನ್ನು ಮತದಾರರು ಮತ್ತೆ ಗೆಲ್ಲಿಸುತ್ತಾರೆ ಅಂತ ಗೊತ್ತಾದ ರಾಜ್ಯದಲ್ಲಿ ಕಾಯ್ದೆಯ ಭಯ ಕಡಿಮೆ. ಇದನ್ನು ನಾನು ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತೇನೆ.

ಮುಖ್ಯಮಂತ್ರಿ ವೇದಿಕೆ ಮೇಲೆ ಅತ್ತುಬಿಟ್ರು, ಇನ್ನು ಮುಗೀತು ಅಲ್ವಾ?

2018ರ ಜುಲೈನಲ್ಲಿ ಕುಮಾರಸ್ವಾಮಿ ಸನ್ಮಾನ ಸಭೆಯಲ್ಲಿ ಕಣ್ಣೀರು ಹಾಕಿದರು, ವಿಷಕಂಠನ ಹಾಗೆ ನೋವು ನುಂಗುತ್ತಿದ್ದೇನೆ ಅಂದರು. ಆಗ ಸರ್ಕಾರಕ್ಕೆ ಎರಡು ತಿಂಗಳೂ ತುಂಬಿರಲಿಲ್ಲ. ಆಮೇಲೆ ಇನ್ನೂ ಒಂದು ವರ್ಷ ನಡೆಯಿತು.

ಕಣ್ಣೀರು, ಬೈಗುಳ, "ಬೇಕಿದ್ದರೆ ಬಿಟ್ಟು ಹೋಗಲಿ" ಅನ್ನುವ ಹೇಳಿಕೆ, ಇವೆಲ್ಲ ಚೌಕಾಸಿಯ ಭಾಗ. ಸಂತೆಯಲ್ಲಿ ಚೌಕಾಸಿ ಮಾಡುವವರು ಎದ್ದು ಹೋಗುವ ಹಾಗೆ ಮಾಡುತ್ತಾರಲ್ಲ, ಹಾಗೆ. ನಿಜವಾಗಿ ಹೋಗುವವರು ಸಾಮಾನ್ಯವಾಗಿ ಮಾತು ಕಡಿಮೆ ಮಾಡುತ್ತಾರೆ.

ಹಾಗಾದ್ರೆ ಯಾವುದನ್ನ ನೋಡಬೇಕು?

ಮೊದಲು ಪಕ್ಷೇತರರನ್ನು ನೋಡಿ. ಅವರು ಗಾಳಿ ಎತ್ತ ಬೀಸುತ್ತಿದೆ ಅಂತ ಎಲ್ಲರಿಗಿಂತ ಮುಂಚೆ ಹಿಡಿಯುತ್ತಾರೆ, ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಅವರಿಗೆ ಅನ್ವಯವಾಗುವುದಿಲ್ಲ. 2019ರ ಜನವರಿಯಲ್ಲಿ ಸಣ್ಣ ಪಕ್ಷವೊಂದರ ಏಕೈಕ ಶಾಸಕ ಆರ್. ಶಂಕರ್ ಮತ್ತು ಪಕ್ಷೇತರ ಎಚ್. ನಾಗೇಶ್ ಬೆಂಬಲ ವಾಪಸ್ ತೆಗೆದುಕೊಂಡರು. ಜೂನ್‌ನಲ್ಲಿ ಇಬ್ಬರನ್ನೂ ಮಂತ್ರಿ ಮಾಡಿ ಕರೆತರಲಾಯಿತು. ಜುಲೈ ಎರಡನೇ ವಾರಕ್ಕೆ ಇಬ್ಬರೂ ಮಂತ್ರಿಗಿರಿಯನ್ನೇ ಬಿಟ್ಟು ಹೊರಟರು. ಕೈಯಲ್ಲಿರುವ ಮಂತ್ರಿ ಸ್ಥಾನ ಬಿಟ್ಟು ಯಾರಾದರೂ ಹೋದರೆ, ಆಚೆ ಕಡೆ ಸಂಖ್ಯೆ ಆಗಿದೆ ಅಂತ ಅರ್ಥ. ಆ ದಿನ ನಾನು ನೋಟ್‌ಬುಕ್ಕಿನಲ್ಲಿ "ಹತ್ತರಲ್ಲಿ ಒಂಬತ್ತು, ಈ ತಿಂಗಳೇ" ಅಂತ ತಿದ್ದಿದೆ.

ಆಮೇಲೆ ಶಾಸಕಾಂಗ ಪಕ್ಷದ ಸಭೆಯ ಹಾಜರಿ. 2019ರ ಜನವರಿ 18ರ ಕಾಂಗ್ರೆಸ್ ಸಭೆಗೆ 80ರಲ್ಲಿ 76 ಜನ ಬಂದರು. ಬಾರದ ನಾಲ್ವರಲ್ಲಿ ಒಬ್ಬರಾದ ಉಮೇಶ್ ಜಾಧವ್ ಮಾರ್ಚ್‌ನಲ್ಲಿ ಪಕ್ಷ ಬಿಟ್ಟು, ಮೇನಲ್ಲಿ ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರನ್ನೇ ಸೋಲಿಸಿದರು. "ಜ್ವರ", "ಮನೆಯಲ್ಲಿ ಕಾರ್ಯಕ್ರಮ" ಅಂತ ಬಂದ ಕಾರಣಗಳನ್ನು ಓದಿ ಬಿಡಬೇಡಿ, ಹೆಸರು ಬರೆದಿಟ್ಟುಕೊಳ್ಳಿ. ಅದೇ ಹೆಸರು ಎರಡನೇ ಸಲ ಬಂದರೆ ಎಣಿಕೆಗೆ ಹಿಡಿಯಿರಿ.

ಮೂರನೆಯದು ಸಂಪುಟ ವಿಸ್ತರಣೆ. 2003ರ ತಿದ್ದುಪಡಿಯ ಪ್ರಕಾರ ಮಂತ್ರಿಮಂಡಲ ಸದನದ ಶೇ 15ಕ್ಕಿಂತ ಜಾಸ್ತಿ ಇರಬಾರದು, ನಮ್ಮಲ್ಲಿ ಮುಖ್ಯಮಂತ್ರಿ ಸೇರಿ 34. 2018ರಲ್ಲಿ ಕಾಂಗ್ರೆಸ್‌ಗೆ 22, ಜೆಡಿಎಸ್‌ಗೆ 12 ಅಂತ ಹಂಚಿಕೆ ಆಯಿತು. ಈಗ ಮಂತ್ರಿ ಆಗದವರನ್ನು ಎಣಿಸಿ: ಕಾಂಗ್ರೆಸ್‌ನಲ್ಲಿ 58 ಜನ. ಅವರಲ್ಲಿ ಎರಡು ಮೂರು ಸಲ ಗೆದ್ದವರು ಎಷ್ಟು ಜನ ಇರಬೇಡ? ನಿಗಮ, ಮಂಡಳಿ, ಸಂಸದೀಯ ಕಾರ್ಯದರ್ಶಿ ಅಂತ ಸ್ವಲ್ಪ ಜನರನ್ನು ಸಮಾಧಾನ ಮಾಡಬಹುದು, ಎಲ್ಲರನ್ನೂ ಅಲ್ಲ. ವಿಸ್ತರಣೆ ಆಗುವವರೆಗೆ ಎಲ್ಲರಿಗೂ ಆಸೆ ಇರುತ್ತದೆ, ಆಸೆಯೇ ಹಿಡಿದಿಡುತ್ತದೆ. ವಿಸ್ತರಣೆ ಆದ ಮಾರನೇ ದಿನದಿಂದ ಅಪಾಯ ಶುರು. ಅದಕ್ಕೇ ಅನುಭವಸ್ಥ ಮುಖ್ಯಮಂತ್ರಿಗಳು ಒಂದೆರಡು ಸ್ಥಾನ ಖಾಲಿ ಇಟ್ಟುಕೊಂಡೇ ಇರುತ್ತಾರೆ.

ಲೋಕಸಭೆ ಚುನಾವಣೆ ಬಂದ್ರೆ ರಾಜ್ಯ ಸರ್ಕಾರ ಯಾಕೆ ಅಲುಗಾಡುತ್ತೆ?

ಮುಂದಿನ ಸಲ ಯಾವ ಚಿಹ್ನೆ ಮೇಲೆ ನಿಂತರೆ ಗೆಲ್ಲಬಹುದು ಅಂತ ಪ್ರತಿ ಶಾಸಕನಿಗೂ ಬೂತ್ ಮಟ್ಟದ ಲೆಕ್ಕ ಅವತ್ತು ಉಚಿತವಾಗಿ ಸಿಗುತ್ತದೆ. 2019ರ ಮೇನಲ್ಲಿ ಕರ್ನಾಟಕದ 28ರಲ್ಲಿ ಬಿಜೆಪಿಗೆ 25 ಬಂತು, ಮೈತ್ರಿಯ ಎರಡೂ ಪಕ್ಷಕ್ಕೆ ಒಂದೊಂದು. ತುಮಕೂರಿನಲ್ಲಿ ದೇವೇಗೌಡರೇ ಸೋತರು. ಎರಡು ತಿಂಗಳಲ್ಲಿ ಸರ್ಕಾರ ಹೋಯಿತು.

1984ರ ಡಿಸೆಂಬರ್‌ನಲ್ಲಿ ಜನತಾ ಪಕ್ಷ ಲೋಕಸಭೆಯಲ್ಲಿ ಹೀನಾಯವಾಗಿ ಸೋತಾಗ ರಾಮಕೃಷ್ಣ ಹೆಗಡೆ ಮಾಡಿದ್ದು ಬೇರೆ. ಅವರದು ಬೇರೆಯವರ ಬೆಂಬಲದ ಮೇಲೆ ನಿಂತ ಸರ್ಕಾರ. ಬೇರೆಯವರು ಬೀಳಿಸುವ ಮೊದಲು ತಾವೇ ಜನರ ಮುಂದೆ ಹೋದರು, 1985ರಲ್ಲಿ ಸ್ವಂತ ಬಹುಮತದಿಂದ ವಾಪಸ್ ಬಂದರು. ಹಾಗಾಗಿ ಅಂದಾಜು ಮಾಡುವಾಗ ಮುಖ್ಯಮಂತ್ರಿಯೇ ಸದನ ವಿಸರ್ಜಿಸುವ ಸಾಧ್ಯತೆಯನ್ನೂ ಬಿಡಬೇಡಿ.

20–20 ತಿಂಗಳ ಒಪ್ಪಂದ ಅಂತಾರಲ್ಲ, ನಂಬಬಹುದಾ?

ಇಬ್ಬರು ಸರದಿಯಂತೆ ಕುರ್ಚಿ ಹಂಚಿಕೊಳ್ಳುವ ಒಪ್ಪಂದ ಅದು. ಮೊದಲ ಅರ್ಧವನ್ನು ನಂಬಬಹುದು. ಮೊದಲು ಕುರ್ಚಿ ಸಿಕ್ಕವರು ಬೀಳಿಸುವುದಿಲ್ಲ, ಎರಡನೆಯವರು ತಮ್ಮ ಸರದಿಗೆ ಕಾಯುತ್ತಾರೆ, ಆದ್ದರಿಂದ ಆ ತಿಂಗಳುಗಳು ಗಟ್ಟಿ. ಅಪಾಯ ಇರುವುದು ಹಸ್ತಾಂತರದ ದಿನ. 2007ರ ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಆದದ್ದು ಎಲ್ಲರಿಗೂ ಗೊತ್ತು: ಕುಮಾರಸ್ವಾಮಿ ಯಡಿಯೂರಪ್ಪ ಅವರಿಗೆ ಕುರ್ಚಿ ಬಿಟ್ಟುಕೊಡಲಿಲ್ಲ. ಉತ್ತರ ಪ್ರದೇಶದಲ್ಲಿ 1997ರಲ್ಲಿ ಆರಾರು ತಿಂಗಳ ಒಪ್ಪಂದ ಇತ್ತು. ಮಾಯಾವತಿ ಸೆಪ್ಟೆಂಬರ್‌ನಲ್ಲಿ ಕಲ್ಯಾಣ್ ಸಿಂಗ್ ಅವರಿಗೆ ಬಿಟ್ಟುಕೊಟ್ಟರು, ಅಕ್ಟೋಬರ್‌ನಲ್ಲಿ ಬೆಂಬಲವನ್ನೇ ವಾಪಸ್ ತೆಗೆದುಕೊಂಡರು.

ಆದರೆ ಜಮ್ಮು–ಕಾಶ್ಮೀರದಲ್ಲಿ 2002ರಲ್ಲಿ ಬಂದ ಮುಫ್ತಿ ಮಹಮ್ಮದ್ ಸಯೀದ್ ಮೂರು ವರ್ಷ ತುಂಬಿದ ಮೇಲೆ 2005ರ ನವೆಂಬರ್‌ನಲ್ಲಿ ಗುಲಾಂ ನಬಿ ಆಜಾದ್ ಅವರಿಗೆ ಮಾತಿನಂತೆ ಕುರ್ಚಿ ಬಿಟ್ಟರು. ಆ ಮೈತ್ರಿ 2008ರವರೆಗೂ ನಡೆಯಿತು. ಹಾಗಾಗಿ "ಒಪ್ಪಂದ ಮುರಿದೇ ಮುರಿಯುತ್ತದೆ" ಅಂತ ಬರೆಯಬೇಡಿ. ಹಸ್ತಾಂತರದ ತಿಂಗಳಿಗೆ ದೊಡ್ಡ ಅಪಾಯ, ಅದರ ಹಿಂದಿನ ತಿಂಗಳುಗಳಿಗೆ ಸಣ್ಣ ಅಪಾಯ ಅಂತ ಬರೆಯಿರಿ.

## ಇನ್ನೂ ಆಳಕ್ಕೆ

ಸಿದ್ಧಾಂತ ಬೇರೆ ಬೇರೆ ಇದ್ರೆ ಬೇಗ ಮುರಿಯುತ್ತೆ ಅಲ್ವಾ?

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಜಮ್ಮು–ಕಾಶ್ಮೀರದಲ್ಲಿ ಪಿಡಿಪಿ ಮತ್ತು ಬಿಜೆಪಿ ಅಷ್ಟು ದೂರದ ಪಕ್ಷಗಳು, ಆದರೂ 2015ರಿಂದ 2018ರ ಜೂನ್‌ವರೆಗೆ ನಡೆಸಿದವು. ಮಹಾರಾಷ್ಟ್ರದಲ್ಲಿ ಶಿವಸೇನೆ, ಎನ್‌ಸಿಪಿ, ಕಾಂಗ್ರೆಸ್ ಒಟ್ಟಾಗಿ 2019ರ ನವೆಂಬರ್‌ನಿಂದ 2022ರ ಜೂನ್‌ವರೆಗೆ. ಕೊನೆಗೆ ಅದು ಬಿದ್ದದ್ದು ಮೂರು ಪಕ್ಷಗಳು ಜಗಳವಾಡಿ ಅಲ್ಲ, ಶಿವಸೇನೆಯೇ ಒಳಗಿನಿಂದ ಒಡೆದು.

ನನ್ನ ಅನುಭವದಲ್ಲಿ ಸಿದ್ಧಾಂತಕ್ಕಿಂತ ಕ್ಷೇತ್ರದ ಡಿಕ್ಕಿ ದೊಡ್ಡದು. ಹಳೇ ಮೈಸೂರು ಭಾಗದಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ನೇರ ಎದುರಾಳಿಗಳು. ಮಂಡ್ಯದ ಒಂದು ಹಳ್ಳಿಯಲ್ಲಿ ಎರಡು ಪಕ್ಷದವರು ಡೇರಿ ಚುನಾವಣೆಯಲ್ಲಿ, ಸೊಸೈಟಿಯಲ್ಲಿ, ಜಾತ್ರೆ ಕಮಿಟಿಯಲ್ಲೂ ಎದುರು ಬದುರು ನಿಂತವರು. ಬೆಂಗಳೂರಿನಲ್ಲಿ ನಾಯಕರು ಕೈ ಎತ್ತಿ ಫೋಟೊ ತೆಗೆಸಿಕೊಂಡ ಮಾತ್ರಕ್ಕೆ ಅವರು ಒಂದೇ ಬೂತಿನಲ್ಲಿ ಕೂರುತ್ತಾರಾ? 2019ರಲ್ಲಿ ಮಂಡ್ಯದಲ್ಲಿ ಮೈತ್ರಿ ಅಭ್ಯರ್ಥಿ ಸೋತು ಪಕ್ಷೇತರರಾಗಿ ಸುಮಲತಾ ಗೆದ್ದದ್ದು ಇದೇ ಕಾರಣಕ್ಕೆ ಅಂತ ನನ್ನ ನಂಬಿಕೆ. ಎರಡು ಪಕ್ಷಗಳು ಎಷ್ಟು ಕ್ಷೇತ್ರಗಳಲ್ಲಿ ಮೊದಲ ಎರಡು ಸ್ಥಾನದಲ್ಲಿ ಇದ್ದವು ಅಂತ ಎಣಿಸಿ. ಆ ಸಂಖ್ಯೆ ಜಾಸ್ತಿ ಇದ್ದಷ್ಟೂ ಮೈತ್ರಿಯ ಆಯುಸ್ಸು ಕಡಿಮೆ.

ರಾಜ್ಯಪಾಲರು, ಸ್ಪೀಕರ್ ಕೈಲಿ ಎಷ್ಟಿದೆ?

ರಾಜ್ಯಪಾಲರ ಕೈಯಲ್ಲಿ ಮೊದಲಿನಷ್ಟು ಇಲ್ಲ, ಅದಕ್ಕೆ ಕಾರಣ ನಮ್ಮದೇ ರಾಜ್ಯದ ಒಂದು ಪ್ರಕರಣ. 1989ರ ಏಪ್ರಿಲ್‌ನಲ್ಲಿ 19 ಶಾಸಕರ ಪತ್ರ ನೋಡಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಲಾಯಿತು. ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂದರೂ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತ ಸಾಬೀತಾಗಬೇಕಾದ್ದು ಸದನದಲ್ಲೇ ಅಂತ ತೀರ್ಪು ಕೊಟ್ಟಿತು. ಬೊಮ್ಮಾಯಿ ಅವರಿಗೆ ಕುರ್ಚಿ ವಾಪಸ್ ಬರಲಿಲ್ಲ, ಆದರೆ ಅವರ ನಂತರ ಬಂದ ಎಷ್ಟೋ ಮುಖ್ಯಮಂತ್ರಿಗಳಿಗೆ ಒಂದು ನ್ಯಾಯವಾದ ಅವಕಾಶ ಸಿಕ್ಕಿತು.

ಸ್ಪೀಕರ್‌ಗೆ ಇರುವುದು ಸಮಯದ ಅಧಿಕಾರ. ರಾಜೀನಾಮೆ ಒಪ್ಪುವುದು, ವಿಚಾರಣೆ ನಡೆಸುವುದು, ಚರ್ಚೆಗೆ ದಿನ ಕೊಡುವುದು. 2019ರಲ್ಲಿ ವಿಶ್ವಾಸಮತದ ಚರ್ಚೆ ಜುಲೈ 18ಕ್ಕೆ ಶುರುವಾಗಿ 23ಕ್ಕೆ ಮುಗಿಯಿತು, ಮಧ್ಯೆ ರಾಜ್ಯಪಾಲರು ಗಡುವು ಕೊಟ್ಟು ಪತ್ರ ಬರೆದರೂ. ಇದರಿಂದ ದಿನಗಳು ಮುಂದೆ ಹೋಗುತ್ತವೆ, ಸಂಖ್ಯೆ ಬದಲಾಗುವುದು ಅಪರೂಪ. ದಿನದ ಲೆಕ್ಕ ಹಾಕುವವರಿಗೆ ಸ್ಪೀಕರ್ ಮುಖ್ಯ, ವರ್ಷದ ಲೆಕ್ಕ ಹಾಕುವವರಿಗೆ ಅಲ್ಲ.

ಒಂದು ಪಕ್ಷ ಬೆಂಬಲ ವಾಪಸ್ ತಗೊಂಡ್ರೆ ಸರ್ಕಾರ ಹೋಯ್ತು ಅಂತಾನೇ ಅರ್ಥನಾ?

ಇಲ್ಲ. ಇನ್ನೊಂದು ಮನೆಯ ಪ್ರಶ್ನೆ ದೊಡ್ಡ ಪಕ್ಷಕ್ಕೂ ಅನ್ವಯಿಸುತ್ತದೆ. 2008ರ ಜುಲೈನಲ್ಲಿ ಅಣು ಒಪ್ಪಂದದ ವಿಷಯಕ್ಕೆ ಎಡಪಕ್ಷಗಳು ಹೊರಗೆ ಹೋದವು. ಮನಮೋಹನ್ ಸಿಂಗ್ ಅವರಿಗೆ ಸಮಾಜವಾದಿ ಪಕ್ಷ ಸಿಕ್ಕಿತು, 275–256ರಲ್ಲಿ ಗೆದ್ದರು. 1999ರ ಏಪ್ರಿಲ್‌ನಲ್ಲಿ ಎಐಎಡಿಎಂಕೆ ಹೊರಟಾಗ ವಾಜಪೇಯಿ ಅವರಿಗೆ ಅಷ್ಟು ಜನ ಸಿಗಲಿಲ್ಲ, 269–270, ಒಂದೇ ಒಂದು ಮತ.

ಈ ಲೆಕ್ಕ 2024ರ ಲೋಕಸಭೆಗೂ ಹಾಕಿ. ಎನ್‌ಡಿಎಗೆ 293, ಬೇಕಾದದ್ದು 272. ಟಿಡಿಪಿಯ 16 ಹೋದರೆ 277, ಜೆಡಿಯುನ 12 ಮಾತ್ರ ಹೋದರೆ 281, ಎರಡರಲ್ಲೂ ಸರ್ಕಾರ ಉಳಿಯುತ್ತದೆ. ಇಬ್ಬರೂ ಒಟ್ಟಿಗೆ ಹೋದರೆ 265, ಕಷ್ಟ. ಆದರೆ ಎದುರಿನ ಕೂಟಕ್ಕೆ ಬಂದದ್ದು 234, ಇಬ್ಬರೂ ಅಲ್ಲಿ ಸೇರಿದರೂ 262. ಅಂದರೆ ಹೊರಟವರಿಗೆ ಕೂಡಲೇ ಸೇರಿಕೊಳ್ಳಲು ಗಟ್ಟಿ ಮನೆ ಇಲ್ಲ. ಫಲಿತಾಂಶದ ದಿನ ಎಷ್ಟೋ ಜನ "ಆರು ತಿಂಗಳು" ಅಂದಾಗ ನಾನು ಒಪ್ಪದೇ ಇದ್ದದ್ದು ಈ ಕೂಡುವ ಕಳೆಯುವ ಲೆಕ್ಕದಿಂದಲೇ.

ಬೇರೆ ದೇಶದಲ್ಲಿ ಇದಕ್ಕೆ ಏನಾದ್ರೂ ದಾರಿ ಮಾಡಿದ್ದಾರಾ?

ಜರ್ಮನಿಯಲ್ಲಿ ಸಂಸತ್ತು ಸರ್ಕಾರವನ್ನು ಬರೀ ಬೀಳಿಸಲು ಆಗುವುದಿಲ್ಲ, ಅದೇ ಮತದಲ್ಲಿ ಮುಂದಿನ ಚಾನ್ಸಲರ್ ಯಾರು ಅಂತಲೂ ಆರಿಸಬೇಕು. 1982ರ ಅಕ್ಟೋಬರ್ 1ರಂದು ಹೆಲ್ಮುಟ್ ಸ್ಮಿತ್ ಹೋಗಿ ಹೆಲ್ಮುಟ್ ಕೋಲ್ ಬಂದದ್ದು ಹೀಗೆ. ಆದರೂ ಮುರಿಯುವುದು ಮುರಿಯುತ್ತದೆ: 2021ರ ಡಿಸೆಂಬರ್‌ನಲ್ಲಿ ಬಂದ ಓಲಾಫ್ ಶೋಲ್ಜ್ ಅವರ ಮೂರು ಪಕ್ಷಗಳ ಮೈತ್ರಿ 2024ರ ನವೆಂಬರ್‌ನಲ್ಲಿ ಬಜೆಟ್ ಜಗಳಕ್ಕೆ ಒಡೆಯಿತು.

ಇದನ್ನೆಲ್ಲ ಒಂದು ಸಂಖ್ಯೆಗೆ ತರೋದು ಹೇಗೆ?

ನಾನು ಆರು ತಿಂಗಳ ತುಂಡು ಮಾಡಿಕೊಳ್ಳುತ್ತೇನೆ. ಐದು ವರ್ಷ ಅಂದರೆ ಹತ್ತು ತುಂಡು. ಪ್ರತಿ ತುಂಡನ್ನೂ ದಾಟುವ ಸಾಧ್ಯತೆ ಶೇ 95 ಅಂತ ಇಟ್ಟುಕೊಂಡರೆ ಹತ್ತನ್ನೂ ದಾಟುವ ಸಾಧ್ಯತೆ ಶೇ 60. ಶೇ 90 ಅಂದರೆ ಶೇ 35. ಶೇ 80 ಅಂದರೆ ಶೇ 11 ಮಾತ್ರ! ಪ್ರತಿ ಆರು ತಿಂಗಳಿಗೂ "ಪರವಾಗಿಲ್ಲ, ದಾಟುತ್ತದೆ" ಅನ್ನಿಸುವ ಸರ್ಕಾರವೂ ಐದು ವರ್ಷ ಮುಟ್ಟುವುದು ಯಾಕೆ ಕಷ್ಟ ಅಂತ ಈ ಗುಣಾಕಾರ ತೋರಿಸುತ್ತದೆ.

ಎಲ್ಲ ತುಂಡೂ ಒಂದೇ ಅಲ್ಲ. ಲೋಕಸಭೆ ಫಲಿತಾಂಶದ ನಂತರದ ಆರು ತಿಂಗಳಿಗೆ, ಹಸ್ತಾಂತರ ಇರುವ ಆರು ತಿಂಗಳಿಗೆ ಕಡಿಮೆ ಕೊಡುತ್ತೇನೆ. ಕೊನೆಯ ವರ್ಷಕ್ಕೆ ಜಾಸ್ತಿ ಕೊಡುತ್ತೇನೆ, ಯಾಕೆಂದರೆ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಖಾಲಿ ಸ್ಥಾನಕ್ಕೆ ಉಪಚುನಾವಣೆ ನಡೆಸಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. ಆಗ ರಾಜೀನಾಮೆ ಕೊಟ್ಟು ಹೋಗುವವರಿಗೆ ತಕ್ಷಣದ ಲಾಭ ಕಡಿಮೆ.

ಶುರುವಿನ ಸಂಖ್ಯೆ ನನ್ನದೇ ಅಂದಾಜು: ಚುನಾವಣೆಗೆ ಮುಂಚಿನ ಮೈತ್ರಿಗೆ ಪ್ರತಿ ತುಂಡಿಗೆ ಶೇ 95, ಫಲಿತಾಂಶದ ನಂತರದ್ದಕ್ಕೆ ಶೇ 85. ಹೊರಗಿನ ಬೆಂಬಲದ್ದಾದರೆ ಶೇ 60ಕ್ಕಿಂತ ಜಾಸ್ತಿ ಕೊಡುವುದಿಲ್ಲ.

ನಿಮ್ಮ ಅಂದಾಜು ಎಷ್ಟು ಸಲ ಸರಿ ಆಗಿದೆ?

ಸರಿ–ತಪ್ಪು ಅಂತ ಎರಡೇ ಭಾಗ ಮಾಡಿದರೆ ಅಂದಾಜು ಸುಧಾರಿಸುವುದಿಲ್ಲ. ಹೇಳಿದ್ದು ನಡೆದರೆ 1, ನಡೆಯದಿದ್ದರೆ 0 ಅಂತ ಹಿಡಿದು, ಹೇಳಿದ ಸಾಧ್ಯತೆಗೂ ಅದಕ್ಕೂ ಇರುವ ಅಂತರವನ್ನು ವರ್ಗ ಮಾಡಿ (ಅದನ್ನು ಅದರಿಂದಲೇ ಗುಣಿಸಿ) ಬರೆಯಿರಿ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು.

2004ರ ಮೇ 28ರ ಪುಟದಲ್ಲಿ ನಾನು ಧರ್ಮಸಿಂಗ್ ಸರ್ಕಾರ ಐದು ವರ್ಷ ಪೂರೈಸುವ ಸಾಧ್ಯತೆ ಶೇ 60 ಅಂತ ಬರೆದಿದ್ದೆ. ಆಗಲಿಲ್ಲ, ಅಂತರ 0.6, ವರ್ಗ 0.36. ಎಲ್ಲಿ ತಪ್ಪಿತು ಅಂತ ಆಮೇಲೆ ಕೂತು ನೋಡಿದೆ. ಜೆಡಿಎಸ್ ಅಂದರೆ ದೇವೇಗೌಡರು ಅಂತ ಅಂದುಕೊಂಡಿದ್ದೆ, ಅವರು ಬಿಜೆಪಿ ಜೊತೆ ಹೋಗುವುದಿಲ್ಲ ಅಂತ ಗಟ್ಟಿಯಾಗಿ ನಂಬಿದ್ದೆ. ಪಕ್ಷದ ಒಳಗೆ ಕುಮಾರಸ್ವಾಮಿ ಅವರ ಜೊತೆ ನಲವತ್ತಕ್ಕೂ ಹೆಚ್ಚು ಶಾಸಕರು ಬೇರೆ ದಾರಿ ಹಿಡಿಯಬಹುದು ಅಂತ ಯೋಚಿಸಲೇ ಇಲ್ಲ. ಆವತ್ತಿನಿಂದ "ಈ ಪಕ್ಷಕ್ಕೆ ಇನ್ನೊಂದು ಮನೆ ಇದೆಯಾ" ಅಂತ ಕೇಳುವುದನ್ನು ಬಿಟ್ಟು ಪ್ರತಿ ಗುಂಪಿನ ಹೆಸರು ಬರೆದು ಕೇಳುತ್ತೇನೆ.

2018ರ ಮೇ 23ರ ಪುಟದಲ್ಲಿ ಎರಡು ಸಾಲು ಇದೆ. ಲೋಕಸಭೆ ಚುನಾವಣೆ ದಾಟುತ್ತದೆ: ಶೇ 80. ಐದು ವರ್ಷ ಪೂರೈಸುತ್ತದೆ: ಶೇ 10. ಮೊದಲನೆಯದಕ್ಕೆ 0.04, ಎರಡನೆಯದಕ್ಕೆ 0.01. 2019ರ ಜುಲೈ 23ರ ಸಂಜೆ ಟಿವಿ ಮುಂದೆ ಪೆನ್ನು ಹಿಡಿದು ಕೂತಿದ್ದೆ. ಬಾಗಿಲು ಹಾಕಿಸಿ, ಸಾಲು ಸಾಲಾಗಿ ಶಾಸಕರನ್ನು ಎದ್ದು ನಿಲ್ಲಿಸಿ ಎಣಿಸಿದರು. ನಾನೂ ಪುಟದ ಅಂಚಿನಲ್ಲಿ ಗೀಟು ಎಳೆಯುತ್ತಾ ಹೋದೆ. ಪರ 99, ವಿರುದ್ಧ 105. ಆ ಗೀಟುಗಳ ಕೆಳಗೆ ಮೂರು ದಿನ ಬಿಟ್ಟು, ಜುಲೈ 26ರ ರಾತ್ರಿ, ಯಡಿಯೂರಪ್ಪ ಅವರ ಹೊಸ ಸರ್ಕಾರದ ಅಂದಾಜು ಶುರುವಾಗುತ್ತದೆ.